ಪಾನಗಲ್ ರಾಜರ ಕಾಲದಲ್ಲಿ ನಮಗೆ ಸಿಕ್ಕಿದ್ದೆಷ್ಟು?



ಮೀಸಲಾತಿಯ ಚರಿತ್ರೆ ಹೇಳುವಾಗ ನಾವು ಮದ್ರಾಸಿನ ಜಸ್ಟಿಸ್ ಪಕ್ಷವನ್ನು ನೆನೆಯುತ್ತೇವೆ. ಅದರ ದೊಡ್ಡ ಹೆಸರು ಪಾನಗಲ್ ರಾಜ, ಅಂದರೆ ಪಿ. ರಾಮರಾಯನಿಂಗಾರ್. 1866ರಲ್ಲಿ ಕಾಳಹಸ್ತಿಯಲ್ಲಿ ಹುಟ್ಟಿದ ಜಮೀನ್ದಾರ. 1912ರಲ್ಲಿ ಕೇಂದ್ರ ಶಾಸನ ಸಭೆಗೆ ಹೋಗಿದ್ದೂ ಜಮೀನ್ದಾರರ ಪ್ರತಿನಿಧಿಯಾಗಿಯೇ. 1921ರಿಂದ 1926ರವರೆಗೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿ. ನಮ್ಮ ಮಂಗಳೂರು, ಬಳ್ಳಾರಿ, ಕೊಳ್ಳೇಗಾಲ ಆಗ ಅದೇ ಪ್ರಾಂತ್ಯದಲ್ಲಿದ್ದವು.

ಸರ್ಕಾರಿ ಹುದ್ದೆಗಳಲ್ಲಿ ಎಲ್ಲ ಸಮುದಾಯಗಳಿಗೂ ಪಾಲು ಸಿಗಲಿ ಅಂತ 1921ರಲ್ಲಿ ಆದೇಶ ಬಂತು. ಬ್ರಾಹ್ಮಣರ ಏಕಸ್ವಾಮ್ಯಕ್ಕೆ ಅದು ಏಟು. ಅದನ್ನು ನಾನು ಅಲ್ಲಗಳೆಯಲ್ಲ. ಆದರೆ 'ಬ್ರಾಹ್ಮಣೇತರ' ಅನ್ನೋ ಪದದೊಳಗೆ ನಾವಿದ್ದೆವಾ?

ಅದೇ ವರ್ಷ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳಲ್ಲಿ ಮುಷ್ಕರ ನಡೆಯಿತು. ಬಹುಪಾಲು ಆದಿದ್ರಾವಿಡ ಕಾರ್ಮಿಕರು ಕೆಲಸಕ್ಕೆ ಹೋದರು. ಪುಲಿಯಾಂತೋಪಿನಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಜಸ್ಟಿಸ್ ಪಕ್ಷದ ಮುಖಂಡರು ದೂರಿದ್ದು ಮಾತ್ರ ಸರ್ಕಾರ ಆದಿದ್ರಾವಿಡರನ್ನು ಓಲೈಸುತ್ತಿದೆ ಅಂತ! ಪಕ್ಷದೊಳಗಿದ್ದ ನಮ್ಮ ನಾಯಕ ಎಂ.ಸಿ. ರಾಜಾ 1923ರಲ್ಲಿ ಹೊರನಡೆದರು.

1924ರಲ್ಲಿ ಸಾರ್ವಜನಿಕ ರಸ್ತೆ, ಬಾವಿ, ಕೆರೆ, ಕಚೇರಿಗಳು ಅಸ್ಪೃಶ್ಯರಿಗೂ ತೆರೆದಿವೆ ಅಂತ ಸರ್ಕಾರ ಸಾರಿತು. ಮಹಾಡ್ ಚಳವಳಿಗೆ 3 ವರ್ಷ ಮೊದಲು. ಅದೂ ರಾಜರು ತಾವಾಗಿ ಕೊಟ್ಟ ದಾನವಲ್ಲ. ಶಾಸನ ಪರಿಷತ್ತಿನಲ್ಲಿ ಆ ಗೊತ್ತುವಳಿ ಮಂಡಿಸಿದ್ದು ನಮ್ಮವರೇ ಆದ ರೆಟ್ಟಮಲೈ ಶ್ರೀನಿವಾಸನ್.

ಇನ್ನು ರಾಜರ ಹೆಸರಾಂತ ಕೆಲಸ, ಹಿಂದೂ ಧಾರ್ಮಿಕ ದತ್ತಿ ಕಾಯ್ದೆ. ದೇವಸ್ಥಾನಗಳ ಆಸ್ತಿ, ಆದಾಯದ ಲೆಕ್ಕ ಕೇಳುವ ಧೈರ್ಯ ಅವರಿಗಿತ್ತು. ಬಾಗಿಲಾಚೆ ನಿಂತಿದ್ದ ನಮ್ಮನ್ನು ಒಳಗೆ ಬಿಡಿ ಅಂತ ಆ ಕಾಯ್ದೆ ಹೇಳಲಿಲ್ಲ. ದೇವಾಲಯ ಪ್ರವೇಶದ ಕಾನೂನಿಗೆ 1938-39ರ ತನಕ ಕಾಯಬೇಕಾಯ್ತು. ಜಮೀನ್ದಾರಿ ರದ್ದತಿ ಕಾಯ್ದೆ ಬಂದಿದ್ದು ಸ್ವಾತಂತ್ರ್ಯದ ನಂತರ, 1948ರಲ್ಲಿ. ಹುದ್ದೆ ಹಂಚಿಕೊಳ್ಳೋಣ ಅಂದ ಭೂಮಾಲೀಕರು ಭೂಮಿ ಹಂಚಿಕೊಳ್ಳೋಣ ಅನ್ನಲಿಲ್ಲ.

ಹಿಂದುಳಿದವರ ಜೊತೆ ಮೈತ್ರಿ ಬೇಡ ಅಂತ ನಾನು ಹೇಳ್ತಿಲ್ಲ, ಬೇಕೇ ಬೇಕು. ಆದರೆ ಇವತ್ತೂ 'ನಾವೆಲ್ಲ ಶೋಷಿತರು' ಅಂತ ಒಂದೇ ವೇದಿಕೆಗೆ ಕರೆಯುವವರನ್ನು ಮೊದಲೇ ಕೇಳಿ: ಭೂಮಿ ಯಾರ ಹೆಸರಲ್ಲಿದೆ? ನಮ್ಮ ಕೇರಿಗೆ ಬೆಂಕಿ ಬಿದ್ದ ದಿನ ನೀವು ಯಾರ ಕಡೆ ನಿಲ್ತೀರಿ?

ಪಾನಗಲ್ ರಾಜರ ಫೋಟೋ ಹಾಕುವ ಸಂಗಾತಿಗಳೇ, ಪಕ್ಕದಲ್ಲಿ ಎಂ.ಸಿ. ರಾಜಾ, ರೆಟ್ಟಮಲೈ ಶ್ರೀನಿವಾಸನ್ ಫೋಟೋಗಳನ್ನೂ ಹಾಕಿ.