ಪುರುಷರಲ್ಲಿ ಮಲನಿಯಂತ್ರಣ ದೋಷ: ಚಿಕ್ಕೋಡಿ–ಅಥಣಿ ಸೀಮೆಯನ್ನು ಕುರಿತು ಒಂದು ವಿವೇಚನೆ

ತಡೆಯಬೇಕೆಂದರೂ ತಡೆಯಲಾಗದೆ, ಕೆಲವೊಮ್ಮೆ ಅರಿವಿಗೇ ಬಾರದೆ ಮಲ ಸೋರುವ ಸ್ಥಿತಿಯೇ ಮಲನಿಯಂತ್ರಣ ದೋಷ. ಹೆರಿಗೆಯ ಗಾಯವೇ ಇದರ ಮುಖ್ಯ ಕಾರಣವೆಂಬ ಗ್ರಹಿಕೆ ಬಹುಕಾಲ ಬೇರೂರಿದ್ದರಿಂದ ಪುರುಷರ ಬಾಧೆ ಅಧ್ಯಯನದಲ್ಲಿಯೂ ಚಿಕಿತ್ಸೆಯಲ್ಲಿಯೂ ಹಿಂದೆ ಉಳಿಯಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ದಿನವಿಡೀ ಕಬ್ಬಿನ ಹೊಲದಲ್ಲಿಯೋ ತಂಬಾಕಿನ ಗೋದಾಮಿನಲ್ಲಿಯೋ ದುಡಿಯುವ ಗಂಡಸಿಗೆ ನೀರೂ ಮರೆಯೂ ಇರುವ ಜಾಗ ಬೇಕೆಂದಾಗ ಸಿಗುವುದು ಕಷ್ಟ. ಆದುದರಿಂದ ಅಲ್ಪ ಸೋರಿಕೆಯೂ ಅವನ ದುಡಿಮೆಗೇ ಅಡ್ಡಿಯಾಗಬಲ್ಲದು.

ಗುದದ್ವಾರವನ್ನು ಎರಡು ಸ್ನಾಯುಬಳೆಗಳು ಸುತ್ತುವರಿದಿವೆ. ಒಳಬಳೆ ತಾನಾಗಿಯೇ ಬಿಗಿದು ದ್ವಾರವನ್ನು ಸದಾ ಮುಚ್ಚಿಡುತ್ತದೆ. ಹೊರಬಳೆ ಇಚ್ಛೆಗೆ ಒಳಪಟ್ಟಿದ್ದು, ಒತ್ತಡ ಬಂದಾಗ ತಡೆಹಿಡಿಯುತ್ತದೆ. ಹೊರಬಳೆ ಸೋತವನು ಸಂಡಾಸು ಮುಟ್ಟುವವರೆಗೆ ತಾಳಲಾರ. ಒಳಬಳೆ ಸಡಿಲಾದವನಿಗೆ ಸೋರಿದ್ದೇ ತಿಳಿಯದು. ಪುರುಷರಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ಬಗೆ: ಶೌಚ ಮುಗಿಸಿ, ಚೆನ್ನಾಗಿ ತೊಳೆದುಕೊಂಡು ಎದ್ದ ಸ್ವಲ್ಪ ಹೊತ್ತಿನಲ್ಲೇ ಒಳಉಡುಪಿನಲ್ಲಿ ಮತ್ತೆ ಕಲೆ ಮೂಡುತ್ತದೆ.

ಮೂಲವ್ಯಾಧಿಗೆ ಅಥವಾ ಭಗಂದರಕ್ಕೆ, ಎಂದರೆ ಗುದದ ಪಕ್ಕದಲ್ಲಿ ಕೀವು ಕೊರೆದ ಸುರಂಗಕ್ಕೆ, ನಡೆದ ಶಸ್ತ್ರಚಿಕಿತ್ಸೆ, ಪ್ರಾಸ್ಟೇಟ್ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ, ಬೆನ್ನುಹುರಿಯ ಪೆಟ್ಟು, ನರಗಳನ್ನು ಕೆಡಿಸುವ ಸಕ್ಕರೆ ಕಾಯಿಲೆ ಇದಕ್ಕೆ ಕಾರಣವಾಗಬಲ್ಲವು; ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯೂ ಕೆಲವರಲ್ಲಿ ಮಲವನ್ನು ಸಡಿಲಗೊಳಿಸಿ ಸೋರಿಕೆಯನ್ನು ಹೆಚ್ಚಿಸುತ್ತದೆ. ವೃದ್ಧರಲ್ಲಿ ಮಾತ್ರ ಒಂದು ತಪ್ಪು ಎಣಿಕೆ ಅಪಾಯಕಾರಿ. ಮಲಬದ್ಧತೆಯಿಂದ ಗಟ್ಟಿಯಾದ ಮಲ ಗುದನಾಳದಲ್ಲಿ ತುಂಬಿ ಕುಳಿತಾಗ, ಅದರ ಸಂದಿನಿಂದ ತೆಳುಮಲ ಜಿನುಗುತ್ತದೆ. ಮನೆಯವರು ಅದನ್ನು ಜುಲಾಬೆಂದು ತಿಳಿದು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ರೋಗ ಉಲ್ಬಣಿಸುತ್ತದೆ. ವೈದ್ಯರು ಗುದದೊಳಗೆ ಬೆರಳಿಟ್ಟು ನಡೆಸುವ ಪರೀಕ್ಷೆಯಿಂದ ಇದನ್ನು ಹಲವು ಬಾರಿ ಕೆಲವೇ ಕ್ಷಣಗಳಲ್ಲಿ ಪತ್ತೆಹಚ್ಚಬಹುದು.

ಚಿಕಿತ್ಸೆಯ ಮೊದಲ ಹಂತಕ್ಕೆ ದೊಡ್ಡ ಯಂತ್ರಗಳು ಬೇಡ. ಮಲವನ್ನು ಹದಗೊಳಿಸುವ ಇಸಬಗೋಲ್, ಊಟವಾದ ಮೇಲೆ ನಿಗದಿತ ವೇಳೆಗೆ ಶೌಚ, ವಾಯು ತಡೆಯುವಂತೆ ಗುದವನ್ನು ಬಿಗಿದು ಬಿಡುವ ವ್ಯಾಯಾಮವನ್ನು ದಿನಕ್ಕೆ ಹಲವು ಸಲ, ಸುಮಾರು 3 ತಿಂಗಳು ನಡೆಸುವುದು ಅನೇಕರಿಗೆ ಗುಣ ಕೊಡುತ್ತವೆ. ಮಲಬದ್ಧತೆಯಿಲ್ಲವೆಂದು ಖಚಿತವಾದವರಿಗೆ ವೈದ್ಯರ ಸಲಹೆಯಂತೆ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಕೊಡಬಹುದು. ಇವುಗಳಿಂದ ಗುಣ ಕಾಣದವರು ಬೆಳಗಾವಿಯ ಆಸ್ಪತ್ರೆಗಳಿಗೋ, ನೆರೆಯ ಮಿರಜಿನ ಆಸ್ಪತ್ರೆಗಳಿಗೋ ಹೋಗುವಾಗ ಹಳೆಯ ಶಸ್ತ್ರಚಿಕಿತ್ಸೆಯ ಕಾಗದಪತ್ರಗಳನ್ನು ಒಯ್ಯಬೇಕು. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ತಪಾಸಣೆಯನ್ನು ಮುಂದೂಡಬಾರದು. ಹಠಾತ್ ಸೋರಿಕೆಯೊಡನೆ ಕಾಲು ಸೋತು ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ನಾಚಿಕೆಯಿಂದ ರೋಗಿ ಈ ಸೋರಿಕೆಯನ್ನು ಮೂಲವ್ಯಾಧಿಯೆಂದೋ ಜುಲಾಬೆಂದೋ ಹೇಳಿಕೊಳ್ಳುತ್ತಾನೆ. ಆದ್ದರಿಂದ, ಹಾಗೆ ಹೇಳಿಕೊಂಡು ಬಂದ ಪ್ರತಿಯೊಬ್ಬ ಗಂಡಸನ್ನೂ “ಬಟ್ಟೆ ಕೆಡುತ್ತದೆಯೇ?” ಎಂದು ತಾಲ್ಲೂಕು ಆಸ್ಪತ್ರೆಯ ವೈದ್ಯರು ತಾವಾಗಿಯೇ ಕೇಳಬೇಕು.