ಬ್ಯಾರಕ್ಕಿನೊಳಗೆ ಒಂದು ಪರದೆ: ಕಲ್ಯಾಣ್ ಕ್ಯಾಂಪಿನ ಕತೆ

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೋದಲ್ಲಿ ಅವಸರದಲ್ಲಿ ದಾಟಿ ಹೋದ ಕೆಲವು ವಿಷಯಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಡೊಂಬಿವಲಿಯಲ್ಲಿ ಹತ್ತಿ ಸೀಟು ಸಿಕ್ಕಿದ್ರೆ, ಠಾಣೆ ಬರೋಷ್ಟರಲ್ಲಿ ಓದಿ ಮುಗಿಸಬಹುದು.

ಕಲ್ಯಾಣ್ ದಾಟಿ ಕರ್ಜತ್ ಕಡೆ ಹೋದರೆ ವಿಠ್ಠಲವಾಡಿ ಆದಮೇಲೆ ಉಲ್ಹಾಸನಗರ ಬರುತ್ತೆ. ನಮ್ಮ ಆಫೀಸಿನಲ್ಲೂ ನಿಮ್ಮ ಆಫೀಸಿನಲ್ಲೂ ಅಲ್ಲಿಂದ ಬರೋರು ಇದ್ದೇ ಇರ್ತಾರೆ. ಮನೆ ಎಲ್ಲಿ ಅಂತ ಕೇಳಿ ನೋಡಿ: "ಕ್ಯಾಂಪ್ ನಂಬರ್ ಮೂರು", "ಕ್ಯಾಂಪ್ ನಂಬರ್ ನಾಲ್ಕು" ಅಂತಾರೆ. ಊರಿನ ಬಡಾವಣೆಗೆ ಕ್ಯಾಂಪ್ ಅಂತ ಯಾಕೆ ಹೆಸರು? ಯಾರ ಕ್ಯಾಂಪ್ ಅದು? ಈ ಪ್ರಶ್ನೆ ಹಿಡಿದು ಹೊರಟರೆ ಒಂದು ದೊಡ್ಡ ವಿಷಯ ಸಿಗುತ್ತೆ. ಸೈನ್ಯ ಮನೆ ಕಟ್ಟುವಾಗ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟುತ್ತೆ? ಹೆಂಡತಿ, ಮಕ್ಕಳು, ಆಟದ ಮೈದಾನ, ಶಾಲೆ, ಇವೆಲ್ಲ ಆ ನಕ್ಷೆಯೊಳಗೆ ಯಾವಾಗ ಬಂದವು, ಯಾರ ಒತ್ತಾಯಕ್ಕೆ ಬಂದವು?

ಮೊದಲು ಪರದೆ

ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಪಲ್ಟನ್‌ನಿಂದ ಶುರು ಮಾಡೋಣ. ಸಾಮಾನ್ಯ ಸೈನಿಕ ಮದುವೆ ಆಗಬೇಕಾದರೆ ಕಮಾಂಡಿಂಗ್ ಆಫೀಸರ್‌ನ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಸಿಗುತ್ತಿದ್ದದ್ದು ಕೆಲವರಿಗೆ ಮಾತ್ರ. ಅವರ ಹೆಂಡತಿಯರ ಹೆಸರು ಪಲ್ಟನ್ನಿನ ಪಟ್ಟಿಗೆ ಸೇರುತ್ತಿತ್ತು, ಜಾಗ ಮತ್ತು ರೇಷನ್ ಸಿಗುತ್ತಿತ್ತು. ಕೇಳದೆ ಮದುವೆಯಾದವನ ಹೆಂಡತಿ ಸೈನ್ಯದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇನ್ನು ಪಟ್ಟಿಯಲ್ಲಿದ್ದವರಿಗೆ ಸಿಕ್ಕ ಜಾಗವಾದರೂ ಎಂಥದ್ದು? ಶತಮಾನದ ಮೊದಲ ಭಾಗದಲ್ಲಿ ಎಷ್ಟೋ ಕಡೆ ಅದು ಹತ್ತಾರು ಗಂಡಸರು ಮಲಗುವ ಅದೇ ಬ್ಯಾರಕ್ಕಿನ ಒಂದು ಮೂಲೆ. ಹಗ್ಗ ಕಟ್ಟಿ ಒಂದು ಪರದೆ ಇಳಿಬಿಟ್ಟರೆ ಅದೇ ಸಂಸಾರ. ಹೆರಿಗೆಯೂ ಅದರ ಹಿಂದೆಯೇ.

ಆ ಪರದೆಯನ್ನ ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಂದು ಸಲ ಸಿಗುತ್ತೆ.

ದೇಶಿ ಸಿಪಾಯಿಯ ಕತೆ ಬೇರೆ. ಅವನಿಗೆ ಸರ್ಕಾರ ಬ್ಯಾರಕ್ ಕಟ್ಟಿಕೊಡುತ್ತಿರಲಿಲ್ಲ. ಗುಡಿಸಲು ಕಟ್ಟಿಕೊಳ್ಳಲು ಒಂದಿಷ್ಟು ಭತ್ಯೆ ಕೊಟ್ಟು 'ಲೈನ್ಸ್'ನಲ್ಲಿ ಜಾಗ ತೋರಿಸುತ್ತಿತ್ತು. ಬಂಗಾಳ ಸೈನ್ಯದ ಸಿಪಾಯಿ ಸಾಮಾನ್ಯವಾಗಿ ಸಂಸಾರವನ್ನ ಊರಲ್ಲೇ ಬಿಟ್ಟು ಬರುತ್ತಿದ್ದ. ಮದ್ರಾಸ್ ಸೈನ್ಯದವರು ಮಾತ್ರ ಹೆಂಡತಿ ಮಕ್ಕಳ ಸಮೇತ ಹೊರಡುತ್ತಿದ್ದರು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಶುರುವಾದಾಗ ಹಲಸೂರಿನ ಆಸುಪಾಸು ತಮಿಳು ಕುಟುಂಬಗಳು ನೆಲೆಸಿದ್ದರ ಹಿಂದೆ ಇದೂ ಒಂದು ಕಾರಣ. ನಾವು ಕ್ಯಾಂಟ್ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿಯುವ ಪ್ರದೇಶದ ಭಾಷೆ ಹಾಗಾಗಲು ಒಂದು ಸೈನ್ಯದ ಸಂಸಾರ ನೀತಿಯೂ ಕಾರಣ ಅಂದ್ರೆ ಆಶ್ಚರ್ಯ ಅಲ್ವಾ?

ಆಟ ಬಂದದ್ದು ಸಾವಿನ ಲೆಕ್ಕದಿಂದ

ಸೈನಿಕರಿಗೆ ಆಟ, ಓದುವ ಕೋಣೆ, ತೋಟ ಇವೆಲ್ಲ ಬೇಕು ಅಂತ ಸರ್ಕಾರಕ್ಕೆ ಅನಿಸಿದ್ದು ದಯೆಯಿಂದ ಅಲ್ಲ. 1857 ಆದಮೇಲೆ ಬ್ರಿಟಿಷ್ ಸೈನಿಕರ ಸಂಖ್ಯೆ ಹೆಚ್ಚಿಸಬೇಕಾಯಿತು. 1859ರಲ್ಲಿ ಭಾರತದ ಸೈನ್ಯದ ಆರೋಗ್ಯ ಸ್ಥಿತಿ ನೋಡಲು ಒಂದು ರಾಯಲ್ ಕಮಿಷನ್ ನೇಮಿಸಿದರು. 1863ರಲ್ಲಿ ವರದಿ ಬಂತು: ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯುತ್ತಿದ್ದಾರೆ. ಹೆಚ್ಚಿನವರು ಯುದ್ಧದಲ್ಲಲ್ಲ, ರೋಗದಲ್ಲಿ. ಈ ಅಂಕಿಗಳನ್ನ ಜಾಲಾಡಿದವರಲ್ಲಿ ಮುಖ್ಯರು ಫ್ಲಾರೆನ್ಸ್ ನೈಟಿಂಗೇಲ್. ಆಕೆ ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಲಂಡನ್ನಿನಲ್ಲಿ ಕೂತು, ಇಲ್ಲಿನ ಠಾಣೆಗಳಿಂದ ತರಿಸಿಕೊಂಡ ಪ್ರಶ್ನಾವಳಿಗಳ ಉತ್ತರ ಓದಿದರು. ಒಂಥರಾ ರಿಮೋಟ್ ಡೀಬಗ್ಗಿಂಗ್ ಅನ್ನಿ.

ಆಕೆಗೆ ಕಂಡದ್ದೇನು? ಕೆಟ್ಟ ನೀರು, ಕೆಟ್ಟ ಚರಂಡಿ, ಕಿಕ್ಕಿರಿದ ಬ್ಯಾರಕ್. ಇವುಗಳ ಜೊತೆಗೆ ಇನ್ನೊಂದು: ಬೇಸರ. ಬೆಳಿಗ್ಗೆ ಪರೇಡ್ ಮುಗಿದರೆ ಇಡೀ ದಿನ ಮಾಡಲು ಏನೂ ಇಲ್ಲ. ಮಲಗು, ಕುಡಿ, ಮತ್ತೆ ಮಲಗು. ಹೆಂಡವನ್ನ ಪಲ್ಟನ್ನಿನ ಕ್ಯಾಂಟೀನೇ ಮಾರುತ್ತಿತ್ತು. ಹಾಗಾಗಿ ಸೈನಿಕನ ಕೈಗೆ ಕೆಲಸ, ಆಟ, ಪುಸ್ತಕ ಕೊಡಿ ಎಂಬುದೂ ಶಿಫಾರಸಾಯಿತು. 1885ರಿಂದ 1893ರವರೆಗೆ ಇಲ್ಲಿ ಸೇನಾಪತಿಯಾಗಿದ್ದ ರಾಬರ್ಟ್ಸ್ ಕಾಲದಲ್ಲಿ ಬರೀ ಹೆಂಡದ ಕ್ಯಾಂಟೀನಿನ ಜಾಗದಲ್ಲಿ ಕಾಫಿ, ಓದುವ ಕೋಣೆ, ಆಟದ ಕೋಣೆ ಇರುವ ರೆಜಿಮೆಂಟಲ್ ಇನ್‌ಸ್ಟಿಟ್ಯೂಟ್‌ಗಳಿಗೆ ಒತ್ತು ಬಂತು.

ಆಫೀಸರ್‌ಗಳಿಗೆ ಈ ಕೊರತೆ ಎಂದೂ ಇರಲಿಲ್ಲ. 1896ರಲ್ಲಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಬಂಗಲೆ, ಆಳುಕಾಳು, ಸಂಜೆ ಪೋಲೊ ಅಂತ ಹಾಯಾಗಿದ್ದರು. ಅವರು ಬಾಕಿ ಉಳಿಸಿ ಹೋದ 13 ರೂಪಾಯಿಯ ಲೆಕ್ಕ ಬೆಂಗಳೂರು ಕ್ಲಬ್ಬಿನ ಹಳೇ ಪುಸ್ತಕದಲ್ಲಿ ಇನ್ನೂ ಇದೆ.

ಯುದ್ಧ ಬಂತು, ಕಲ್ಯಾಣ್ ಕ್ಯಾಂಪ್ ಎದ್ದಿತು

ಎರಡನೇ ಮಹಾಯುದ್ಧದಲ್ಲಿ ಬೊಂಬಾಯಿ ಬಂದರಿಗೆ ಹಡಗು ಹಡಗು ಸೈನಿಕರು ಬಂದಿಳಿದರು. ಅವರನ್ನ ಮುಂದಿನ ಕಡೆ ಕಳಿಸುವ ತನಕ ಇಡಲು ಜಾಗ ಬೇಕು, ರೈಲು ಹತ್ತಿರ ಇರಬೇಕು. ಕಲ್ಯಾಣ್ ಅಂದ್ರೆ ಪುಣೆ ಲೈನು, ನಾಸಿಕ್ ಲೈನು ಎರಡೂ ಕವಲೊಡೆಯುವ ಜಂಕ್ಷನ್. ಅಲ್ಲಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ ಟ್ರಾನ್ಸಿಟ್ ಕ್ಯಾಂಪ್ ಎದ್ದಿತು. ಉಲ್ಹಾಸನಗರ ಮಹಾನಗರಪಾಲಿಕೆ ಕೊಡುವ ಲೆಕ್ಕದಂತೆ 6,000 ಸೈನಿಕರು ಮತ್ತು ಇತರ 30,000 ಜನರಿಗಾಗಿ 2,126 ಬ್ಯಾರಕ್‌ಗಳು. ಟ್ರಾನ್ಸಿಟ್ ಅನ್ನೋ ಪದ ಗಮನಿಸಿ. ಯಾರೂ ಉಳಿಯೋದಿಲ್ಲ ಅನ್ನೋದೇ ಅದರ ಡಿಸೈನ್. ಉದ್ದನೆಯ ಹಾಲ್, ಸಾಲು ಮಂಚ, ಸಾಮೂಹಿಕ ಅಡುಗೆ, ಸಾಮೂಹಿಕ ಕಕ್ಕಸು.

ಕಾಯುವ ಸೈನಿಕರ ಬೇಸರ ಕಳೆಯಲು ನಾಟಕ, ಹಾಡು, ಸಿನಿಮಾ ಇತ್ತು. ನಾಸಿಕ್ ಲೈನಿನ ದೇವಲಾಲಿ ಇದಕ್ಕೆ ಹೆಸರುವಾಸಿ. ಅಲ್ಲಿ ಹಡಗಿಗೆ ಕಾದು ಕಾದು ತಲೆಕೆಟ್ಟವರಿಂದಲೇ ಇಂಗ್ಲಿಷಿಗೆ 'ಡೂಲಾಲಿ' ಅನ್ನೋ ಪದ ಹೋಯಿತು, ಹುಚ್ಚು ಹಿಡಿದವ ಅಂತ ಅರ್ಥ. ದೇವಲಾಲಿಯ ಸೈನಿಕ ನಾಟಕ ತಂಡದಲ್ಲಿದ್ದ ಜಿಮ್ಮಿ ಪೆರಿ ಆ ಅನುಭವದ ಮೇಲೆ ಮುಂದೆ ಬಿಬಿಸಿಗೆ ಒಂದು ಹಾಸ್ಯ ಧಾರಾವಾಹಿಯನ್ನೇ ಸಹಲೇಖಕರಾಗಿ ಬರೆದರು.

ಆದರೆ ಈ ಸೌಕರ್ಯ ಎಲ್ಲರಿಗೂ ಒಂದೇ ಥರ ಇರಲಿಲ್ಲ. 1946ರ ಫೆಬ್ರವರಿ 18ರಂದು ಬೊಂಬಾಯಿಯ ಎಚ್‌ಎಂಐಎಸ್ ತಲ್ವಾರ್‌ನಲ್ಲಿ ಭಾರತೀಯ ನಾವಿಕರು ಊಟ ಬಿಟ್ಟು ಮುಷ್ಕರ ಕೂತರು. ನಮ್ಮ ಠಾಣೆಯಲ್ಲಿದ್ದ ಎಚ್‌ಎಂಐಎಸ್ ಅಕ್ಬರ್‌ನ ನಾವಿಕರೂ ಸೇರಿದರು. ಶಾಲೆಯ ಪಾಠದಲ್ಲಿ ಇದನ್ನ 'ನೌಕಾ ದಂಗೆ' ಅಂತ ಎರಡು ಸಾಲಿನಲ್ಲಿ ಮುಗಿಸ್ತಾರೆ. ಅವರ ಬೇಡಿಕೆ ಪಟ್ಟಿಯನ್ನ ಒಮ್ಮೆ ನೋಡಬೇಕು. ಐಎನ್‌ಎ ಕೈದಿಗಳ ಬಿಡುಗಡೆ, ಇಂಡೊನೇಷ್ಯಾದಿಂದ ಭಾರತೀಯ ಪಡೆ ವಾಪಸ್, ಇಂಥ ದೊಡ್ಡ ರಾಜಕೀಯ ಬೇಡಿಕೆಗಳ ಪಕ್ಕದಲ್ಲೇ ಒಳ್ಳೆಯ ಊಟ, ಬ್ರಿಟಿಷ್ ನಾವಿಕರಿಗೆ ಸಮಾನವಾದ ಸಂಬಳ, ಕುಟುಂಬ ಭತ್ಯೆ, ಕ್ಯಾಂಟೀನ್ ಸೌಲಭ್ಯ ಅಂತಲೂ ಇದೆ. ಮನೆಗೆ ಕಳಿಸುವ ದುಡ್ಡು ಮತ್ತು ಕ್ಯಾಂಟೀನಿನ ಬಾಗಿಲು ಸ್ವಾತಂತ್ರ್ಯದ ಪಕ್ಕದಲ್ಲೇ ಕೂತಿದ್ದವು. ಇದು ಸಣ್ಣತನ ಅಂತ ನನಗೆ ಅನಿಸೋದಿಲ್ಲ. ಒಂದೇ ಸಮುದ್ರದಲ್ಲಿ ಒಂದೇ ಕೆಲಸ ಮಾಡಿದವರ ಮಕ್ಕಳಿಗೆ ಎರಡು ಬೆಲೆ ಕಟ್ಟಿದರೆ, ಅವಮಾನ ಅಲ್ಲಿಂದಲೇ ಶುರುವಾಗೋದು.

ಸಂಸಾರಗಳು ಬಂದಾಗ

ಯುದ್ಧ ಮುಗಿದು ಕಲ್ಯಾಣ್ ಕ್ಯಾಂಪ್ ಖಾಲಿಯಾಯಿತು. ಅಷ್ಟರಲ್ಲಿ ದೇಶ ಎರಡಾಯಿತು. 1948ರ ಜನವರಿಯಲ್ಲಿ ಕರಾಚಿಯಲ್ಲಿ ಗಲಭೆಯಾದ ಮೇಲೆ ಸಿಂಧಿ ಹಿಂದೂಗಳು ಹಡಗು ಹತ್ತಿ ಬೊಂಬಾಯಿಗೆ ಬಂದದ್ದು ಇನ್ನೂ ಹೆಚ್ಚಾಯಿತು. ಸರ್ಕಾರ ಅವರನ್ನ ರೈಲಿನಲ್ಲಿ ಕೂರಿಸಿ ಈ ಖಾಲಿ ಬ್ಯಾರಕ್‌ಗಳಿಗೆ ಕಳಿಸಿತು. ಸುಮಾರು ಒಂದು ಲಕ್ಷ ಜನ. 36,000 ಜನರ ಕೆಪ್ಯಾಸಿಟಿಗೆ ಕಟ್ಟಿದ ಸಿಸ್ಟಮ್ ಮೇಲೆ ಹತ್ತಿರ ಹತ್ತಿರ ಮೂರು ಪಟ್ಟು ಲೋಡ್. ಅದೂ ಒಂಟಿ ಗಂಡಸರ ಕೆಪ್ಯಾಸಿಟಿ. ಬಂದವರು ಅಜ್ಜಿ, ಬಾಣಂತಿ, ಶಾಲೆಗೆ ಹೋಗುವ ಹುಡುಗಿ.

ಒಂದೊಂದು ಬ್ಯಾರಕ್ಕಿಗೆ ಹಲವು ಕುಟುಂಬ. ನಡುವೆ ಗೋಡೆ ಇಲ್ಲ. ಏನು ಮಾಡಿದರು? ಗೋಣಿತಟ್ಟು, ಹಳೇ ಸೀರೆ, ಚಾದರ ಕಟ್ಟಿ ಪರದೆ ಇಳಿಬಿಟ್ಟರು. ನೂರು ವರ್ಷದ ಹಿಂದಿನ ಅದೇ ಪರದೆ! ಸೈನ್ಯದ ನಕ್ಷೆಯೊಳಗೆ ಸಂಸಾರ ನುಗ್ಗಿದಾಗೆಲ್ಲ ಮೊದಲು ಬರೋದು ಬಟ್ಟೆ, ಆಮೇಲೆ ತಗಡು, ಆಮೇಲೆ ಇಟ್ಟಿಗೆ.

1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಇಲ್ಲಿ ಅಡಿಗಲ್ಲು ಹಾಕಿ ಉಲ್ಹಾಸನಗರ ಅಂತ ಹೆಸರಿಟ್ಟರು. ಪಕ್ಕದಲ್ಲಿ ಹರಿಯೋದು ಉಲ್ಹಾಸ್ ನದಿ. ಅರ್ಥ ನಮ್ಮ ಕನ್ನಡದ ಉಲ್ಲಾಸವೇ. ಎಲ್ಲ ಕಳೆದುಕೊಂಡು ಬಂದವರ ಊರಿಗೆ ಉಲ್ಲಾಸ! ಆದರೆ ಜನ ಹೆಸರನ್ನ ನಿಜ ಮಾಡಲು ದುಡಿದರು. ಬ್ಯಾರಕ್ಕಿನ ಮುಂದೆ ಅಂಗಡಿ, ಹಿಂದೆ ಹಪ್ಪಳದ ಕೆಲಸ, ನಂತರ ಬಟ್ಟೆ, ಪೀಠೋಪಕರಣ. ಸಿಂಧಿ ಶಾಲೆಗಳು ಬಂದವು. 1955ರಲ್ಲಿ ರೈಲ್ವೆ ಸ್ಟೇಷನ್ ಬಂತು, 1965ರಲ್ಲಿ ಸಿಎಚ್‌ಎಂ ಕಾಲೇಜು. ಸ್ವಂತ ರಾಜ್ಯವೇ ಇಲ್ಲದ ಅವರ ಭಾಷೆ 1967ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿತು.

ಮನೆಯ ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಪರದೆಯಿಂದ ಗೋಡೆ, ಗೋಡೆಯಿಂದ ಮಹಡಿ ಅಂತ ಪರವಾನಗಿ ಇಲ್ಲದೆ ಬೆಳೆದ ಕಟ್ಟಡಗಳು ಹೈಕೋರ್ಟ್ ಮೆಟ್ಟಿಲು ಹತ್ತಿದವು. ಅವನ್ನ ಸಕ್ರಮ ಮಾಡಲು ಮಹಾರಾಷ್ಟ್ರ ಸರ್ಕಾರ 2006ರಲ್ಲಿ ಈ ಒಂದೇ ಊರಿಗಾಗಿ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ತಾತ್ಕಾಲಿಕ ಅಂತ ಕಟ್ಟಿದ್ದನ್ನ ಶಾಶ್ವತ ಮಾಡೋದಕ್ಕೆ ಅರವತ್ತು ವರ್ಷ ಸಾಲಲಿಲ್ಲ.

ಜಮೀನು ಕೊಟ್ಟವರು

ಇಲ್ಲಿಗೆ ನಿಲ್ಲಿಸಿದರೆ ಇದು ಸುಖಾಂತ್ಯದ ಕತೆ. ಆದರೆ ಅದೇ ಕಲ್ಯಾಣ್ ಪಕ್ಕದಲ್ಲಿ ನೇವಾಳಿ ಅಂತ ಊರಿದೆ. ಅದೇ ಯುದ್ಧಕ್ಕೆ ಅಲ್ಲಿ ವಿಮಾನ ಇಳಿಸಲು ರೈತರ ಹೊಲಗಳನ್ನ ತಗೊಂಡರು. ಯುದ್ಧ ಮುಗಿದರೂ ಹೊಲ ಹಿಂದಿರುಗಲಿಲ್ಲ, ಈಗ ಅದು ನೌಕಾಪಡೆಯ ವಶದಲ್ಲಿದೆ. 2017ರ ಜೂನ್‌ನಲ್ಲಿ ಅಲ್ಲಿ ಬೇಲಿ ಹಾಕುವ ವಿಷಯಕ್ಕೆ ರೈತರು ರಸ್ತೆಗಿಳಿದು, ಪೊಲೀಸ್ ವಾಹನಗಳಿಗೆ ಬೆಂಕಿ ಬಿದ್ದು, ದೊಡ್ಡ ಗಲಾಟೆ ಆಯಿತು. ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಟ್ರಾಫಿಕ್ ಸುದ್ದಿಯಾಗಿ ಮಾತ್ರ ತಲುಪಿತು.

ಕರ್ನಾಟಕದಿಂದ ಬಂದ ನಮಗೆ ಇದು ಹೊಸದಲ್ಲ. ಕಾರವಾರದ ಸೀಬರ್ಡ್ ನೆನಪಿಸಿಕೊಳ್ಳಿ. 1986ರಲ್ಲಿ ಅಡಿಗಲ್ಲು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ. ಅಲ್ಲಿ ಈಗ ನೌಕಾಪಡೆಯ ಕುಟುಂಬಗಳಿಗೆ ವಸತಿ ಇದೆ, ಪತಂಜಲಿ ಆಸ್ಪತ್ರೆ ಇದೆ. ಅದಕ್ಕಾಗಿ ಕಾರವಾರ, ಅಂಕೋಲಾ ಕಡೆಯ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟವು, ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದವು. ಒಂದು ಕುಟುಂಬಕ್ಕೆ ಮನೆ ಆಗುವಾಗ ಇನ್ನೊಂದು ಕುಟುಂಬದ ಮನೆ ಹೋಗಿರುತ್ತೆ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಇತಿಹಾಸ ಅರ್ಧ ಹೇಳಿದ ಹಾಗೆ.

ಈಗ

ಸ್ವತಂತ್ರ ಭಾರತದ ಸೈನ್ಯ ಸಂಸಾರವನ್ನ ನಕ್ಷೆಯೊಳಗೆ ತಂದಿತು, ಆದರೆ ನಿಧಾನವಾಗಿ. 1948ರಲ್ಲಿ ಸಿಎಸ್‌ಡಿ ಕ್ಯಾಂಟೀನ್ ವ್ಯವಸ್ಥೆ, 1966ರಲ್ಲಿ ಸೈನಿಕರ ಪತ್ನಿಯರ ಕಲ್ಯಾಣ ಸಂಘ ಆವಾ, 1978ರಲ್ಲಿ ವಸತಿ ಸಂಸ್ಥೆ ಎಡಬ್ಲ್ಯುಎಚ್‌ಒ, 1983ರಲ್ಲಿ ಆರ್ಮಿ ಶಾಲೆಗಳನ್ನ ನಡೆಸುವ ಸಂಸ್ಥೆ. ಗಂಡ ಗಡಿಯಲ್ಲಿದ್ದಾಗ ಹೆಂಡತಿ ಮಕ್ಕಳು ಬೇರೆ ಊರಲ್ಲಿ ಇರಲು ಪ್ರತ್ಯೇಕ ಕ್ವಾರ್ಟರ್ಸ್ ಕೂಡ ಇದೆ. ಬೆಂಗಳೂರಿನ ಕಮ್ಮನಹಳ್ಳಿಯಲ್ಲೂ ನಮ್ಮ ಖಾರ್ಘರ್‌ನಲ್ಲೂ ಜಲವಾಯು ವಿಹಾರ್ ಅಂತ ಕಾಲೊನಿ ಇದೆ. ಹವಾಮಾನ ಇಲಾಖೆಯದ್ದಲ್ಲ ಮಾರಾಯ್ರೆ! ಜಲ ಅಂದ್ರೆ ನೌಕಾಪಡೆ, ವಾಯು ಅಂದ್ರೆ ವಾಯುಪಡೆ.

ನಮ್ಮ ಕಡೆ ತಿರುಗಿ ನೋಡಿದರೆ, ನಾವೂ ಒಂಟಿಯಾಗಿಯೇ ಬಂದವರು. ಪಿಜಿ, ಶೇರಿಂಗ್ ರೂಮು, ಒಂದು ಮಂಚದ ಲೆಕ್ಕ. ತಮಾಷೆ ಏನಂದ್ರೆ ಅಂದಿನ ಬ್ಯಾರಕ್ ಸಂಸಾರ ಬೇಡ ಅಂತಿತ್ತು, ಇಂದಿನ ಸೊಸೈಟಿ ಬ್ಯಾಚುಲರ್ ಬೇಡ ಅನ್ನುತ್ತೆ. ಐರೋಲಿಯ ಆಫೀಸು ನಮಗೆ ಟೇಬಲ್ ಟೆನ್ನಿಸ್ ಕೊಡುತ್ತೆ, ಕಾಫಿ ಕೊಡುತ್ತೆ. ಮಗುವಿಗೆ ಆಡಲು ಮೈದಾನ, ಕಲಿಯಲು ಕನ್ನಡ ಕೊಡೋದಿಲ್ಲ. ಅದು ಆಫೀಸಿನ ನಕ್ಷೆಯಲ್ಲಿ ಇಲ್ಲ. ನಮಗಿಂತ ಮೊದಲು ಬಂದ ಕನ್ನಡಿಗರು ಇದನ್ನ ಅರ್ಥ ಮಾಡಿಕೊಂಡಿದ್ದರು, ಅದಕ್ಕೇ ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ಕಟ್ಟಿ ಮಂಜುನಾಥ ವಿದ್ಯಾಲಯ ನಡೆಸಿದರು.

ಉಲ್ಹಾಸನಗರದವರು ಗೋಣಿತಟ್ಟಿನ ಹಿಂದೆ ಕೂತು ಶಾಲೆ ಕೇಳಿದರು, ಸ್ಟೇಷನ್ ಕೇಳಿದರು, ಪಡೆದರು. ನಾವು ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಪಾರ್ಕಿಂಗ್ ಬಿಟ್ಟು ಬೇರೆ ಏನು ಕೇಳಿದ್ದೇವೆ ಅಂತ ಒಮ್ಮೆ ಲೆಕ್ಕ ಹಾಕೋಣ. ನಿಮ್ಮ ಪಕ್ಕದ ಮನೆಯಲ್ಲಿ ಕ್ಯಾಂಪ್ ಕಾಲ ಕಂಡ ಹಿರಿಯರಿದ್ದರೆ, ಭಾನುವಾರ ಹೋಗಿ ಮಾತಾಡಿಸಿ, ಅವರು ಹೇಳಿದ್ದನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆ ಪೀಳಿಗೆ ಇನ್ನು ಬಹಳ ದಿನ ಇರೋದಿಲ್ಲ.

ಮುಂದಿನ ವಾರ ಸಿಗೋಣ.