ಬಟ್ಟೆ ಕಳಕೊಂಡ ಭಿಕ್ಷು, ಸೂರೆಹೋದ ಬಾದಾಮಿ

ನಮ್ಮ ಜಿಲ್ಲೆ, ನಮ್ಮ ಚರಿತ್ರೆ | ಭಾಗ 7

ಫೋಟೋ 1: ಐಹೊಳೆಯ ಮೇಗುತಿ ಗುಡ್ಡ. ಗುಡ್ಡ ಹತ್ತಿದವರೆಲ್ಲ ರವಿಕೀರ್ತಿಯ ಶಾಸನ (ಕ್ರಿ.ಶ. 634) ನೋಡಾಕ ಓಡ್ತಾರ. ಅದಕ್ಕಿಂತ ಸ್ವಲ್ಪ ಕೆಳಗ ಅರ್ಧ ಬಂಡೆ ಕೊರೆದು, ಅರ್ಧ ಕಲ್ಲು ಕಟ್ಟಿ ಮಾಡಿದ ಎರಡಂತಸ್ತಿನ ಬೌದ್ಧ ಗುಡಿ ಐತಿ. ಚಾವಣಿಯೊಳಗ ಬುದ್ಧ ಕುಂತಾನ. ಮುಂದಿನ ಸಲ ಹೋದಾಗ ತಲೆ ಎತ್ತಿ ನೋಡ್ರಿ.

ಇವತ್ತಿನ ಪ್ರಶ್ನೆ ಇದು. ನಿಮ್ಮದನ್ನ ಯಾರೋ ಕದ್ದರು, ಮೋಸ ಮಾಡಿದರು, ಹೊಡೆದರು. ಆಮೇಲೆ ಬದುಕೋದು ಹೆಂಗ? "ಕ್ಷಮಿಸಿಬಿಡು" ಅಂತ ಒಂದೇ ಮಾತಿನಾಗ ಬೌದ್ಧರು ಮುಗಿಸ್ತಾರ ಅಂದ್ಕೊಂಡಿದ್ರ, ಸ್ವೈಪ್ ಮಾಡ್ರಿ.

ಫೋಟೋ 2: ಹ್ಯೂಯೆನ್ ತ್ಸಾಂಗ್. ಸುಮಾರು 641ರಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಚೀನೀ ಭಿಕ್ಷು. ಹೈಸ್ಕೂಲಿನಾಗ ಇಷ್ಟು ಓದೀವಿ. ಇಲ್ಲಿಗೆ ಬರೋಕ್ಕಿಂತ ಮೊದಲು, ಪಂಜಾಬಿನ ಕಡೆ ಕಾಡಿನಲ್ಲಿ ಸುಮಾರು 50 ದರೋಡೆಕೋರರು ಅವನ ತಂಡದ ಬಟ್ಟೆ, ಸಾಮಾನು ಎಲ್ಲಾ ಕಿತ್ಕೊಂಡು, ಒಂದು ಒಣಗಿದ ಕೆರೆಗೆ ಅಟ್ಟಿದರು. ಶಿಷ್ಯ ಹುಯ್‌ಲಿ ಬರೆದ ಜೀವನಚರಿತ್ರೆಯಲ್ಲಿ ಇದು ಬರ್ತದ. ಭಿಕ್ಷು ಹೆಂಗೋ ತಪ್ಪಿಸಿಕೊಂಡು ಓಡಿದ. ಹೊಲ ಉಳುತ್ತಿದ್ದ ಒಬ್ಬನಿಗೆ ಹೇಳಿದ. ಆತ ಶಂಖ ಊದಿ, ಡೋಲು ಬಾರಿಸಿ ಸುಮಾರು 80 ಜನರನ್ನ ಕೂಡಿಸಿದ. ಕಳ್ಳರು ಓಡಿಹೋದರು. ಭಿಕ್ಷು ಕಟ್ಟಿಹಾಕಿದ್ದವರ ಹಗ್ಗ ಬಿಚ್ಚಿದ, ಊರವರು ಕೊಟ್ಟ ಬಟ್ಟೆ ಹಂಚಿದ. ಎಲ್ಲರೂ ಅಳ್ತಿದ್ದರು, ಅವನ ಮುಖದಾಗ ನಗು. ಯಾಕಂತ ಕೇಳಿದ್ದಕ್ಕ, ಎಲ್ಲಕ್ಕಿಂತ ದೊಡ್ಡದು ಜೀವ, ಅದು ಉಳಿದೈತಿ, ಬಟ್ಟೆಗೆ ಯಾಕ ಅಳಬೇಕು ಅಂದ.

ಕ್ರಮ ಗಮನಿಸ್ರಿ. ಮೊದಲು ಓಡಿದ, ಆಮೇಲೆ ಹೇಳಿದ, ಆಮೇಲೆ ಉಳಿದವರ ಹಗ್ಗ ಬಿಚ್ಚಿದ. ನಗು ಬಂದಿದ್ದು ಕೊನೀಗೆ.

ಫೋಟೋ 3: ಇಳಕಲ್‌ನ ಮಗ್ಗ, ನಮ್ಮ ಮನೀದು. ಹೋದ ವರ್ಷ ಒಬ್ಬ ಗಿರಾಕಿ ಸುಳ್ಳು ಪೇಮೆಂಟ್ ಸ್ಕ್ರೀನ್‌ಶಾಟ್ ತೋರಿಸಿ ಅವ್ವ ನೇಯ್ದ ಎರಡು ಸೀರೆ ಒಯ್ದ. ಸೀರೆಗಿಂತ ದೊಡ್ಡ ನಷ್ಟ ಆಮೇಲೆ ಆಯ್ತು. "ನಾನು ಓದಿದಾಕಿ ಇದ್ದಿದ್ರ ಹಿಂಗ ಆಗ್ತಿರಲಿಲ್ಲ" ಅಂತ ಅವ್ವ ಹದಿನೈದು ದಿನ ಮಗ್ಗಕ್ಕ ಕೂಡಲಿಲ್ಲ. ಓಣಿಯವರು "ನಿಮ್ಮ ಕರ್ಮ" ಅಂದರು.

ಬುದ್ಧ ಎರಡು ಬಾಣದ ಮಾತು ಹೇಳ್ತಾನ. ಮೊದಲನೇ ಬಾಣ ನೋವು. ಎರಡನೇದು ಆ ನೋವಿಗೆ ನಾವೇ ಹಚ್ಚಿಕೊಳ್ಳೋ ಕೊರಗು. ಅವ್ವಗ ಮೊದಲನೇದನ್ನ ಹೊಡೆದವ ಆ ಗಿರಾಕಿ. ಎರಡನೇದು ನೆಡಾಕ ಓಣಿಯೂ ಕೈ ಹಚ್ಚಿತು. ಸೀವಕ ಅನ್ನೋ ಪರಿವ್ರಾಜಕನಿಗೆ ಬುದ್ಧ ಹೇಳಿದ್ದು ಇನ್ನೂ ನೇರ: ಬರೋ ನೋವೆಲ್ಲಾ ಹಿಂದಿನ ಕರ್ಮದ್ದೇ ಅನ್ನೋದು ತಪ್ಪು. ದೇಹದ ರೋಗ, ಹವೆಯ ಬದಲಾವಣೆ, ಬೇರೆಯವರ ಹಲ್ಲೆ, ಇವೂ ಕಾರಣ. ಅಂದ್ರ, ಕದ್ದವನ ತಪ್ಪು ಕದ್ದವನದೇ.

ಫೋಟೋ 4: ಬಾದಾಮಿ. ಇಲ್ಲಿಯ ಜನ ಅನ್ಯಾಯ ಆದರೆ ಜೀವ ಲೆಕ್ಕಿಸದೆ ಸೇಡು ತೀರಿಸ್ತಾರ ಅಂತ ಅದೇ ಹ್ಯೂಯೆನ್ ತ್ಸಾಂಗ್ ಬರೆದಾನ. ಬಿಕಾಂ ಹುಡುಗ್ರು ಇದನ್ನ ಖಾತೆವಹಿ ಓದಿದಂಗ ಓದ್ರಿ. ಪುಲಕೇಶಿಗೆ ಹೆದರಿ ಪಲ್ಲವ ದೊರೆ ಕಂಚಿ ಕೋಟೆಯೊಳಗೆ ಅಡಗಿದ ಅಂತ ರವಿಕೀರ್ತಿ ಹೆಮ್ಮೆಯಿಂದ ಬರೆದ. 642ರಲ್ಲಿ ನರಸಿಂಹವರ್ಮ ಬಾದಾಮಿ ಸೂರೆ ಮಾಡಿ "ವಾತಾಪಿಕೊಂಡ" ಅಂತ ಬಿರುದು ತಗೊಂಡ. ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ತಿರುಗಿ ಕಂಚಿಗೆ ಹೋದ. ಬಾಕಿ ಮುಂದಕ್ಕೆ, ಬಡ್ಡಿ ಸಮೇತ.

ಸುಮಾರು ನೂರು ವರ್ಷದ ಮೇಲೆ ಇಮ್ಮಡಿ ವಿಕ್ರಮಾದಿತ್ಯ (733-745) ಕಂಚಿ ಗೆದ್ದ. ಆದರೆ ಊರು ಸೂರೆ ಮಾಡಲಿಲ್ಲ. ರಾಜಸಿಂಹೇಶ್ವರ ಗುಡಿಯ ಸಂಪತ್ತು ನೋಡಿ ದೇವರಿಗೇ ಬಿಟ್ಟುಕೊಟ್ಟ. ಆ ಗುಡಿಯ ಕಂಬದ ಮೇಲಿನ ಕನ್ನಡ ಶಾಸನ ಇದನ್ನ ಹೇಳ್ತದ. ಅವ ಬೌದ್ಧನಲ್ಲ, ಯುದ್ಧಾನೂ ಮಾಡಿದವನೇ. ಆದರೂ ಬಾದಾಮಿಯ ಸೂರೆಗೆ ಕಂಚಿಯ ಸೂರೆ ಅನ್ನೋ ಎಂಟ್ರಿ ಅವ ಹಾಕಲಿಲ್ಲ.

ಫೋಟೋ 5: ಈಗ ನೀವು. ದ್ವೇಷ ಬಿಡೋದು ಬೇರೆ, ದೂರು ಬಿಡೋದು ಬೇರೆ. ಆನ್‌ಲೈನ್ ಮೋಸ ಆದ್ರ ತಡ ಮಾಡದೆ 1930ಕ್ಕೆ ಫೋನ್ ಮಾಡ್ರಿ. ಇವತ್ತಿನ ಶಂಖ ಅದೇ. ಮನ್ಯಾಗ ಯಾರಿಗಾದ್ರೂ ಹಿಂಗ ಆಗಿದ್ರ "ನಿನ್ನ ತಪ್ಪಲ್ಲ" ಅಂತ ಮೊದಲು ಹೇಳ್ರಿ. ಹಗ್ಗ ಬಿಚ್ಚೋದು ಅಂದ್ರ ಅದು. ನಗು ತಡವಾಗಿ ಬಂದರೂ ನಡೀತದ.

ನಿಮಗೂ ಇಂಥದ್ದು ಆಗಿದ್ರ ಡಿಎಂ ಮಾಡ್ರಿ, ಕೇಳ್ತೀನಿ. ಭಾಗ 8: ಪಟ್ಟದಕಲ್ಲು.

#ಬಾದಾಮಿ #ಐಹೊಳೆ #ಇಳಕಲ್ #ನಮ್ಮಚರಿತ್ರೆ